ನಿಂತು ನಿಂತು ಉಳಿದ ಕಾರು

ಮೊನ್ನೆ ನಿಮ್ಮ ಅಮ್ಮ ನನ್ನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವಾಗ ಸಿಗ್ನಲ್ಲಿನಲ್ಲಿ ಕಾರು ನಿಧಾನವಾಯಿತು. ಪಕ್ಕದ ಸೀಟಿನಲ್ಲಿ ಕೂತಿದ್ದ ನನ್ನ ಎಡಗಾಲು ತನ್ನಷ್ಟಕ್ಕೆ ಮುಂದೆ ಹೋಗಿ ನೆಲವನ್ನು ಗಟ್ಟಿಯಾಗಿ ಒತ್ತಿತು. ಹಿಂದೆ ಕೂತಿದ್ದ ಅನಘಾ ಬಗ್ಗಿ ನೋಡಿ, "ಅಜ್ಜಿ, ಆರ್ ಯು ಕಿಲ್ಲಿಂಗ್ ಎ ಕಾಕ್ರೋಚ್?" ಎಂದು ಕೇಳಿದಳು. ಅಲ್ಲ ಮಗಾ, ಕ್ಲಚ್ಚು ಒತ್ತುತ್ತಿದ್ದೇನೆ ಎಂದೆ. ಈ ಕಾರಿಗೆ ಕ್ಲಚ್ಚೇ ಇಲ್ಲ ಎಂದಳು. ಕಾರಿಗೆ ಇಲ್ಲದಿದ್ದರೇನು, ನನ್ನ ಕಾಲಿಗೆ ಇದೆಯಲ್ಲ.

ಆಮೇಲೆ ಅನಘಾ, ನಿಶಾಂತ, ನೀವಿಬ್ಬರೂ ಸೇರಿ, ಅಜ್ಜಿಗೆ ಕಾರು ಬಿಡಲಿಕ್ಕೆ ಬರುತ್ತದಾ, ಹಾಗಾದರೆ ಯಾಕೆ ಯಾರೂ ಹೇಳಲಿಲ್ಲ ಎಂದು ಪೀಡಿಸಿದಿರಿ. ನಾನು ಬಾಯಿ ಮುಚ್ಚಿ ಕೂತೆ. ಮೂರು ಜನ ಕೇಳುತ್ತಿದ್ದಾರೆ ಎಂದರೆ ನನ್ನ ಗಂಟಲು ಅಂಗಡಿಯ ಷಟರಿನ ಹಾಗೆ ಇಳಿದುಬಿಡುತ್ತದೆ. ಬರೆಯುವುದಾದರೆ ತೊಂದರೆಯಿಲ್ಲ. ನಿಮಗೆ ಕನ್ನಡ ಕೇಳಿದರೆ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ಅಮ್ಮನ ಕೈಲಿ ಓದಿಸಿಕೊಳ್ಳಿ. ಅವಳು ಎಲ್ಲಾದರೂ ಕೆಮ್ಮಿ ಎರಡು ಸಾಲು ಹಾರಿಸಿದರೆ ಅಲ್ಲಿ ಅವಳ ವಿಷಯವೇ ಇದೆ ಎಂದು ತಿಳಿದು ಬಿಡದೆ ಹಿಡಿಯಿರಿ.

ನನ್ನ ನಾಚಿಕೆ ಇವತ್ತಿನದಲ್ಲ. ಕುಂದಾಪುರದ ಆಚೆ ಸಮುದ್ರದ ಬದಿಯ ನಮ್ಮೂರ ಶಾಲೆಯಲ್ಲಿ ಮಾಸ್ತರರು ಹಾಜರಿ ಕರೆಯುವಾಗ ನಾನು "ಹಾಜರ್ ಸರ್" ಎನ್ನುತ್ತಿದ್ದದ್ದು ನನ್ನ ಕಿವಿಗೂ ಕೇಳಿಸುತ್ತಿರಲಿಲ್ಲ. ಕಣ್ಣೆದುರೇ ಕೂತವಳನ್ನು ಅವರು ಗೈರುಹಾಜರಿ ಎಂದು ಬರೆದುಕೊಳ್ಳುತ್ತಿದ್ದರು. ಕೊನೆಗೆ ಅಪ್ಪನನ್ನು ಕರೆಸಿ, ನಿಮ್ಮ ಮಗಳು ಶಾಲೆಗೇ ಬರುವುದಿಲ್ಲ ಎಂದು ದೂರಿದರು. ನಾನು ಆಗಲೂ ಅಲ್ಲೇ, ಬಾಗಿಲ ಬುಡದಲ್ಲಿ ಕೂತಿದ್ದೆ. ಅಪ್ಪ ನನ್ನನ್ನೊಮ್ಮೆ, ಮಾಸ್ತರರನ್ನೊಮ್ಮೆ ನೋಡಿ, ಇವಳು ಮನೆಯಲ್ಲಿ ಬಾಯಿ ಬಿಟ್ಟರೆ ಮಾಡಿನ ಹಂಚು ಹಾರುತ್ತದೆ ಮಾಸ್ಟ್ರೇ ಎಂದರು.

ಅದು ಪೂರ್ತಿ ನಿಜವಲ್ಲ. ಮನೆಯಲ್ಲೂ ನಾನು ಎಲ್ಲರ ಮುಂದೆ ಮಾತಾಡುತ್ತಿರಲಿಲ್ಲ. ಮಳೆಗಾಲದಲ್ಲಿ ಮೀನುಗಾರರು ದೋಣಿಗಳನ್ನು ದಡಕ್ಕೆ ಎಳೆದು ಮಗುಚಿ, ತೆಂಗಿನ ಮಡಲು ಹೊದೆಸಿ ಇಡುತ್ತಿದ್ದರು. ನಾನು, ನನ್ನ ತಂಗಿ ಸುಮತಿ ಅದರಡಿ ನುಸುಳಿ ಕೂರುತ್ತಿದ್ದೆವು. ಒಳಗೆ ಕತ್ತಲೆ, ಒಣಮೀನಿನ ವಾಸನೆ, ಕಾಲಿಗೆ ಏಡಿ. ಆದರೆ ಅಲ್ಲಿ ಕೂತರೆ ಇಡೀ ಊರಿನ ಮೇಲೆ ಚಾಡಿ ಹೇಳಬಹುದಿತ್ತು. ಮಾಸ್ತರರ ಕುಪ್ಪಸದಂಥ ಅಂಗಿಯಿಂದ ಹಿಡಿದು ಅತ್ತೆಯ ಗೊರಕೆಯವರೆಗೆ ನಾವು ಬಿಟ್ಟ ವಿಷಯವಿಲ್ಲ. ನಾಚಿಕೆಯವರಿಗೆ ಮಾತು ಬರುವುದಿಲ್ಲ ಎಂದು ಜನ ತಿಳಿಯುತ್ತಾರೆ. ನಮಗೆ ಬೇಕಾದದ್ದು ಒಂದು ಮುಚ್ಚಳ, ಅಷ್ಟೇ.

ಈಗ ಕಾರಿನ ವಿಷಯಕ್ಕೆ ಬರುತ್ತೇನೆ. ನಿಮ್ಮ ಅಜ್ಜನಿಗೆ ಇಲ್ಲಿ ಮಲೇಷ್ಯಾದಲ್ಲಿ, ಮೆಲಾಕಾದ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಾಗ ನಾವು ಕೈಯಿಂದ ಗೇರು ಹಾಕುವ ಒಂದು ಹಳೆಯ ಕಾರು ಕೊಂಡೆವು. ಆಗಲೇ ಅದು ಮತ್ತೊಬ್ಬರ ಕೈಯಲ್ಲಿ ಪಳಗಿ ಬಂದದ್ದು. ಬಣ್ಣ ಒಂದು ಕಾಲಕ್ಕೆ ಹಸಿರು. ನಿಮ್ಮ ಅಜ್ಜ ಹಟ ಹಿಡಿದು ನನ್ನನ್ನು ಡ್ರೈವಿಂಗ್ ಶಾಲೆಗೆ ಸೇರಿಸಿದರು. ಅಲ್ಲಿ ಕಲಿಸುವ ಮಲಯ್ ಹೆಂಗಸಿಗೆ ಕನ್ನಡ ಬಾರದು, ನನಗೆ ಮಲಯ್ ಬಾರದು. ಆದ್ದರಿಂದ ನಾನು ಮಾತಾಡದೆ ಇದ್ದದ್ದು ಅವರಿಗೆ ಸಹಜವಾಗಿಯೇ ಕಂಡಿತು. ಜೀವನದಲ್ಲಿ ಮೊದಲ ಸಲ ನನ್ನ ನಾಚಿಕೆಗೆ ಒಂದು ಮರ್ಯಾದೆಯ ಕಾರಣ ಸಿಕ್ಕಿತ್ತು.

ಕ್ಲಚ್ಚಿನ ಮೇಲಿಂದ ಕಾಲು ತೆಗೆಯುವುದು ಎಲ್ಲರಿಗೂ ಕಷ್ಟವಂತೆ. ನನಗೆ ಮೊದಲ ದಿನವೇ ಬಂತು. ತೋಳಿನ ಮೇಲೆ ಮಲಗಿದ ಮಗುವಿನ ತಲೆಯಡಿಯಿಂದ ಕೈ ಎಳೆದುಕೊಳ್ಳುವುದಿಲ್ಲವೇ, ಅಷ್ಟೇ ಅದು. ಅವಸರ ಮಾಡಿದರೆ ಮಗು ಏಳುತ್ತದೆ, ಕಾರು ಸಾಯುತ್ತದೆ. ನಿಮ್ಮ ಅಜ್ಜನಿಗೆ ಇದನ್ನು ಹೇಳಿದಾಗ, ಎಷ್ಟು ಚೆನ್ನಾಗಿ ಹೇಳಿದೆ ಎಂದು ಮೆಚ್ಚಿಕೊಂಡರು. ಮೆಚ್ಚದೆ ಏನು, ಅವರ ತೋಳಿನ ಮೇಲೆ ನಿಮ್ಮ ಅಮ್ಮ ಒಂದು ದಿನವೂ ಮಲಗಿದವಳಲ್ಲ.

ಲೈಸೆನ್ಸ್ ಬಂದ ಮೇಲೂ ನಾನು ಕಾರು ಬಿಟ್ಟದ್ದು ಭಾನುವಾರ ಬೆಳಿಗ್ಗೆ, ಬೀದಿ ಏಳುವ ಮುಂಚೆ ಮಾತ್ರ. ಪಕ್ಕದ ಮನೆಯ ಲೆಚುಮಿ ಅಕ್ಕ ಕಿಟಕಿ ತೆರೆದರೆ ಸಾಕು, ಬದಿಗೆ ನಿಲ್ಲಿಸಿ ಅಜ್ಜನಿಗೆ ಜಾಗ ಬಿಡುತ್ತಿದ್ದೆ. ಅಜ್ಜ ತೀರಿಕೊಂಡ ಮೇಲೆ ಅದನ್ನೂ ಬಿಟ್ಟೆ. ಕಾರು ಪೋರ್ಚಿನಲ್ಲಿ ನಿಂತಿತು. ಆಗೊಮ್ಮೆ ಈಗೊಮ್ಮೆ ನಿಮ್ಮ ಅಪ್ಪ ಓಡಿಸುತ್ತಿದ್ದರು.

ಆಮೇಲೆ ಬಂತಲ್ಲ ಕೊರೋನಾ. ನಿಶಾಂತ, ನೀನು ಆಗ ಇಷ್ಟೇ ಇದ್ದೆ. ಊರೆಲ್ಲ ಬಾಗಿಲು ಹಾಕಿಕೊಂಡಿತು. ನಿಮ್ಮ ಅಪ್ಪ ಹಾಲ್‌ನಲ್ಲಿ ಕೂತು ಕಂಪ್ಯೂಟರಿನೊಳಗಿನ ಮಕ್ಕಳಿಗೆ ಔಷಧಗಳ ಪಾಠ ಹೇಳುತ್ತಿದ್ದರು. ಅನಘಾಳ ಕ್ಲಾಸು ಮಲಗುವ ಕೋಣೆಯಲ್ಲಿ, ನಿಶಾಂತನ ಕ್ಲಾಸು ಊಟದ ಮೇಜಿನ ಮೇಲೆ. ನಾನು ಕುಕ್ಕರ್ ಇಟ್ಟರೆ ಮೂರು ತರಗತಿಗಳಿಗೆ ಸೀಟಿ ಕೇಳುತ್ತಿತ್ತು. ಸುಮತಿಗೆ ಫೋನ್ ಮಾಡಿದರೆ ಎಲ್ಲರೂ ಒಟ್ಟಿಗೆ ಶ್ಶ್ ಎನ್ನುತ್ತಿದ್ದಿರಿ. ಅಂಥ ದಿನಗಳಲ್ಲಿ ಒಂದು ಮಧ್ಯಾಹ್ನ ನನಗೆ ಹೊಳೆಯಿತು. ಕಾರನ್ನು ಹಾಗೇ ನಿಲ್ಲಿಸಿದರೆ ಬ್ಯಾಟರಿ ಸಾಯುತ್ತದೆ, ದಿನಾ ಸ್ವಲ್ಪ ಹೊತ್ತು ಸ್ಟಾರ್ಟ್ ಮಾಡಿ ಇಡಬೇಕು ಎಂದು ನಿಮ್ಮ ಅಪ್ಪನೇ ಹೇಳಿದ್ದರು. ಆ ಕೆಲಸ ನಾನು ಮಾಡುತ್ತೇನೆ ಎಂದೆ. ಪಾಪ, ಅತ್ತೆ ಎಷ್ಟು ಒಳ್ಳೆಯವರು ಎಂದುಕೊಂಡರು.

ಪೋರ್ಚಿನಲ್ಲಿ ಕಾರು. ಕಾರಿನೊಳಗೆ ನಾನು. ಗಾಜು ಮೇಲೆ, ಏಸಿ ತಣ್ಣಗೆ. ಡ್ರೈವರ್ ಸೀಟಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಸುಮತಿಗೆ ಫೋನ್ ಹಚ್ಚುತ್ತಿದ್ದೆ. ಅಲ್ಲಿ ಅವಳಿಗೂ ಇದೇ ಗೋಳು. ಇಬ್ಬರೂ ಹೊಟ್ಟೆ ಹಿಡಿದು ನಗುತ್ತಿದ್ದೆವು. ಬರಬರುತ್ತ ಕಾರಿನಲ್ಲಿ ಒಂದು ದಿಂಬು ಬಂತು, ಓದುವ ಕನ್ನಡಕ ಬಂತು, ಹುರಿಗಡಲೆಯ ಡಬ್ಬಿ ಬಂತು. ಬ್ಯಾಟರಿ ಅಷ್ಟು ಚೆನ್ನಾಗಿ ಚಾರ್ಜ್ ಆದ ಕಾರು ಆಗ ಮೆಲಾಕಾದಲ್ಲಿ ಇನ್ನೊಂದು ಇರಲಿಕ್ಕಿಲ್ಲ.

ನಿಮ್ಮ ಅಮ್ಮನದ್ದು ಮಾತ್ರ ಬೇರೆಯೇ ಲೋಕ. ಕೊರೋನಾ ವಾರ್ಡಿನ ಡ್ಯೂಟಿ. ಬಂದವಳು ಮನೆಯೊಳಗೆ ಬರುವ ಮೊದಲು ಹೊರಗಿನ ನಲ್ಲಿಯಲ್ಲೇ ತೊಳೆದುಕೊಂಡು, ಕಾರಿನ ಮರೆಯಲ್ಲಿ ಬಟ್ಟೆ ಬದಲಿಸಿ, ಮೇಲಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಊಟ ಬಾಗಿಲ ಹೊರಗೆ. ನಿಮ್ಮನ್ನು ಮುಟ್ಟುತ್ತಿರಲಿಲ್ಲ. ಮನೆಗೆಲ್ಲ ಕಾನೂನು ಮಾಡಿದ್ದಳು. ಗೇಟಿನ ಹತ್ತಿರ, ಬಾಗಿಲ ಹತ್ತಿರ, ನಮ್ಮದು, ಅವಳದು ಎರಡೂ ಕಾರುಗಳಲ್ಲಿ ಡ್ರೈವರ್ ಕಾಲಡಿಗೆ ಒಂದೊಂದು ರಬ್ಬರ್ ಚಾಪೆ. ಅದರ ಗುಳಿಗಳಲ್ಲಿ ಔಷಧದ ನೀರು. ಚಪ್ಪಲಿ ಅದರಲ್ಲಿ ಅದ್ದದೆ ಯಾರೂ ಒಂದು ಹೆಜ್ಜೆ ಇಡುವಂತಿಲ್ಲ. ಆ ವಾಸನೆಗೆ ನಾನು ಕಾಲು ಮೇಲೆ ಮಡಚಿಯೇ ಕೂರುತ್ತಿದ್ದೆ.

ಅದೇ ಸುಮಾರಿಗೆ ನಮ್ಮ ಕಾರಿಗೆ ಕಾಯಿಲೆ ಶುರುವಾಯಿತು. ಮನೆಗೊಬ್ಬರು ಸಾಮಾನು ತರಲು ಹೋಗಬಹುದಿತ್ತು. ನಿಮ್ಮ ಅಮ್ಮನ ಗೇರಿಲ್ಲದ ಕಾರು ಆಸ್ಪತ್ರೆಗೆ ಹೋಗುತ್ತಿತ್ತು, ಹಾಗಾಗಿ ನಿಮ್ಮ ಅಪ್ಪ ಹಳೆಯದನ್ನು ತೆಗೆದರು. ಗೇಟು ದಾಟುವಷ್ಟರಲ್ಲಿ ಕಾರು ಒಮ್ಮೆ ಜಿಗಿದು ಸತ್ತಿತು. ಮತ್ತೆ ಸ್ಟಾರ್ಟ್ ಮಾಡಿದರು, ತಿರುವಿನಲ್ಲಿ ನಿಂತಿತು. ಸಿಗ್ನಲ್ಲಿನಲ್ಲಿ ನಿಂತಿತು. ಗ್ಯಾರೇಜುಗಳೆಲ್ಲ ಮುಚ್ಚಿದ್ದವು. ಮನೆಯಲ್ಲಿ ಒಬ್ಬ ಡಾಕ್ಟರು, ಒಬ್ಬ ಔಷಧದ ಮಾಸ್ತರರು ಇದ್ದ ಮೇಲೆ ಕೇಳಬೇಕೇ, ಕಾರನ್ನು ಪೋರ್ಚಿನಲ್ಲೇ ಅಡ್ಮಿಟ್ ಮಾಡಿದರು.

ನಿಮ್ಮ ಅಪ್ಪ ವಿಡಿಯೋ ನೋಡಿ ನೋಡಿ ಮೊದಲು ಪ್ಲಗ್ಗುಗಳನ್ನು ಬಿಚ್ಚಿ ಹಲ್ಲುಜ್ಜುವ ಬ್ರಶ್ಶಿನಲ್ಲಿ ಉಜ್ಜಿದರು. ಬ್ರಶ್ಶು ನನ್ನದು. ಏರ್ ಫಿಲ್ಟರನ್ನು ಹಾಸಿಗೆ ಕೊಡವಿದಂತೆ ಕೊಡವಿದರು. ಪೆಟ್ರೋಲಿಗೆ ಒಂದು ಸೀಸೆ ಟಾನಿಕ್ ಹುಯ್ದರು. ಇಂಜಿನ್ನಿನ ಗಾಳಿ ಹೋಗುವ ಬಾಯಿಗೆ ಏನೋ ಸ್ಪ್ರೇ ಹೊಡೆದರು. ಪ್ರತಿ ಚಿಕಿತ್ಸೆಯ ನಂತರ ಸ್ಟಾರ್ಟ್ ಮಾಡಿದರೆ, ನಿಂತಲ್ಲಿ ಕಾರು ಬೆಕ್ಕಿನ ಹಾಗೆ ಗುರುಗುಟ್ಟುತ್ತಿತ್ತು. ಗೇರು ಹಾಕಿ ಹೊರಡಿಸಿದರೆ ಜಿಗಿದು ಸಾಯುತ್ತಿತ್ತು. ಮಲಗಿದಾಗ ಸೌಖ್ಯ, ಎದ್ದರೆ ತಲೆಸುತ್ತು, ವಯಸ್ಸಾದವರಿಗೆಲ್ಲ ಹೀಗೇ ಎಂದು ನಿಮ್ಮ ಅಮ್ಮ ಮಹಡಿಯ ಕಿಟಕಿಯಿಂದಲೇ ರೋಗ ಹೇಳಿದಳು. ಲೆಚುಮಿ ಅಕ್ಕ ಗೋಡೆಯಾಚೆಯಿಂದ ಒಂದು ನಿಂಬೆಹಣ್ಣು ಎಸೆದು, ಚಕ್ರದ ಅಡಿಗೆ ಇಡಲು ಹೇಳಿದರು. ಅದನ್ನೂ ಇಟ್ಟೆವು. ನಿಶಾಂತನ ಸಲಹೆಯೂ ಇತ್ತು: "ಜಸ್ಟ್ ರೀಸ್ಟಾರ್ಟ್ ಲಾ, ಅಪ್ಪಾ."

ಕೊನೆಗೆ ಒಂದು ದಿನ ಕಾರು ಪೊಲೀಸರ ತಡೆಯ ಎದುರೇ ನಿಂತಿತು. ಎಲ್ಲಿಗೆ ಹೊರಟಿರಿ ಎಂದು ಪೊಲೀಸ್ ಕೇಳಿದ್ದಾರೆ, ಅಪ್ಪ ಹೇಳಿದ್ದಾರೆ, ಹೋಗಿ ಎಂದಿದ್ದಾರೆ. ಹೋಗಲಿಕ್ಕೆ ಆಗಬೇಕಲ್ಲ. ಒಂದು ಜಿಗಿತ, ಸಾವು. ಮತ್ತೊಂದು ಜಿಗಿತ, ಸಾವು. ಹಿಂದೆ ಉದ್ದಕ್ಕೆ ಕಾರುಗಳ ಸಾಲು. ಇಲ್ಲಿಯವರು ಸುಲಭಕ್ಕೆ ಹಾರ್ನ್ ಹೊಡೆಯುವುದಿಲ್ಲ. ಸುಮ್ಮನೆ ನೋಡುತ್ತಾರೆ, ಅದು ಇನ್ನೂ ಹೆಚ್ಚಿನ ಅವಮಾನ. ಅಂಕಲ್, ನಿಮಗೆ ಗೇರು ಬರುತ್ತದೆ ತಾನೇ ಎಂದು ಆ ಪೊಲೀಸ್ ಮೆಲ್ಲಗೆ ಕೇಳಿದರಂತೆ. ನಿಮ್ಮ ಅಪ್ಪ ಮನೆಗೆ ಬಂದು ಕಾರಿನ ಕೀಲಿಯನ್ನು ಫ್ರಿಡ್ಜಿನ ಮೇಲೆ ಎಸೆದು, ಪಾಠಕ್ಕೆ ಕೂತರು. ಅವತ್ತಿನ ಪಾಠ ಯಾರಿಗೂ ಅರ್ಥವಾಗಿರಲಿಕ್ಕಿಲ್ಲ.

ಆ ಸಂಜೆ ಮಾರುವ ಮಾತು ಬಂತು. ನಿಮ್ಮ ಅಮ್ಮ ಮಹಡಿಯ ಮೆಟ್ಟಿಲ ಮೇಲೆ, ನಾವು ಕೆಳಗೆ. ಕಾರು ಹೋದರೆ ಪೋರ್ಚಿಗೆ ಪರದೆ ಕಟ್ಟಿ ತೊಳೆದುಕೊಳ್ಳುವ, ಬಟ್ಟೆ ಬದಲಿಸುವ ಜಾಗ ಮಾಡಬಹುದು ಎಂದಳು. ಅವಳು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ನಿಮ್ಮ ಅಪ್ಪನ ಕಾಲೇಜಿಗೆ ಧಾರವಾಡದಿಂದ ಹೊಸದಾಗಿ ಬಂದ ಪಾಟೀಲ ಎಂಬ ಲೆಕ್ಚರರು ಎರಡು ಬೀದಿ ಆಚೆ ಇದ್ದರು, ಅವರಿಗೆ ಹಳೇ ಕಾರು ಬೇಕಿತ್ತು. ಬಂದು ಓಡಿಸಿ ನೋಡಲಿ, ಓಡಿದರೆ ಒಯ್ಯಲಿ, ಓಡದಿದ್ದರೆ ಇಲ್ಲೇ ಬಿದ್ದಿರಲಿ, ಗುಜರಿಯವರೂ ಬಾಗಿಲು ಹಾಕಿದ್ದಾರಲ್ಲ ಎಂದು ತೀರ್ಮಾನವಾಯಿತು. ಅತ್ತೆ, ನೀವೇನು ಹೇಳುತ್ತೀರಿ ಎಂದು ಒಬ್ಬರಾದರೂ ಕೇಳುತ್ತಾರೆ ಎಂದು ಕಾದೆ. ನಾನು ಮಾತಾಡುವವಳಲ್ಲ ಎಂದು ಎಲ್ಲರಿಗೂ ಅಷ್ಟು ಚೆನ್ನಾಗಿ ಗೊತ್ತಿತ್ತು. ನನ್ನ ಕೋಣೆ ಹೋಗುತ್ತದೆ ಎಂದು ಹೇಳಲು ಬಾಯಿ ತೆರೆದೆ, ಸಾರಿಗೆ ಉಪ್ಪು ಸಾಕಾ ಎಂದು ಕೇಳಿದೆ.

ಪಾಟೀಲರು ಬರುವ ದಿನ ಬೆಳಿಗ್ಗೆ ನಿಮ್ಮ ಅಮ್ಮ ಡ್ಯೂಟಿಗೆ ಹೊರಡುವ ಮೊದಲೇ ನಾನು ಪೋರ್ಚು ಗುಡಿಸಲು ಹೋದೆ. ಕಾರಿನ ಕೆಳಗೆ ಕಾಗದದ ಹೂವು ಉದುರಿ ರಾಶಿ ಬಿದ್ದಿತ್ತು. ಒಂದಿಷ್ಟು ಮುಂದೆ ತೆಗೆದು ಗುಡಿಸೋಣ ಎಂದು ಕೂತು, ಬಹಳ ದಿನಗಳ ಮೇಲೆ ಕಾಲು ಕೆಳಗಿಟ್ಟು ಕ್ಲಚ್ಚು ಒತ್ತಿದೆ. ಅರ್ಧಕ್ಕೆ ನಿಂತಿತು. ಆ ಕ್ಲಚ್ಚು ಪೂರ್ತಿ ಹೋಗಿ ತಳ ಮುಟ್ಟಿದಾಗ ಒಂದು ನಿಟ್ಟುಸಿರು ಬಿಡುತ್ತಿತ್ತು, ನನಗೆ ಅದರ ಪರಿಚಯವಿತ್ತು. ನಿಟ್ಟುಸಿರು ಬರಲಿಲ್ಲ. ಬಗ್ಗಿ ನೋಡಿದರೆ ಔಷಧದ ಚಾಪೆ ಮುಂದಕ್ಕೆ ಜಾರಿ, ಕ್ಲಚ್ಚಿನ ಹಿಂದೆ ಮಡಚಿ ಕೂತಿದೆ, ಒಳ್ಳೆ ದಪ್ಪ ಸೆಟ್ ದೋಸೆಯ ಹಾಗೆ. ಕ್ಲಚ್ಚು ಪೂರ್ತಿ ಇಳಿಯದಿದ್ದರೆ ಗೇರು ಇಂಜಿನ್ನನ್ನು ಬಿಡುವುದು ಹೇಗೆ? ಬ್ರೇಕು ಹಾಕಿದಲ್ಲೆಲ್ಲ ಕಾರು ತಾನೇ ಕತ್ತು ಹಿಸುಕಿಕೊಂಡು ಸಾಯುತ್ತಿತ್ತು. ನಿಮ್ಮ ಅಮ್ಮನ ಕಾರಿನಲ್ಲಿ ಕ್ಲಚ್ಚೇ ಇಲ್ಲ, ಅಲ್ಲಿ ಅದೇ ಚಾಪೆ ಯಾರಿಗೂ ತೊಂದರೆ ಕೊಡಲಿಲ್ಲ. ನಾನಂತೂ ಕಾಲು ಮಡಚಿ ಕೂತವಳು. ಚಾಪೆ ಎಳೆದು ಹೊರಗೆ ಹಾಕಿ ಒತ್ತಿದೆ. ನಿಟ್ಟುಸಿರು ಬಂತು. ಕಾರು ಬೆಣ್ಣೆಯ ಹಾಗೆ ಮುಂದೆ ಹೋಗಿ, ಬೆಣ್ಣೆಯ ಹಾಗೆ ಹಿಂದೆ ಬಂತು.

ಎಲ್ಲರನ್ನೂ ಕರೆದು ಹೇಳಬೇಕೆಂದು ಬಾಗಿಲವರೆಗೆ ಹೋದೆ. ಒಳಗೆ ನಿಮ್ಮ ಅಪ್ಪ ಫೋನಿನಲ್ಲಿ, ಗಾಡಿ ಓಡಿದರೆ ಸಂಜೆಗೇ ಒಯ್ಯಿರಿ ಎನ್ನುತ್ತಿದ್ದರು. ಬಾಗಿಲಿನಿಂದ ಹಿಂದೆ ಬಂದೆ.

ಈಗ ನನ್ನ ಪರಿಸ್ಥಿತಿ ನೋಡಿ ಮಕ್ಕಳೇ. ಇಷ್ಟು ದಿನ ಕಾರು ಗುಣವಾಗಲಿ ಎಂದು ಊರ ದೇವರಿಗೆಲ್ಲ ಹೇಳಿಕೊಂಡವಳು ನಾನು. ಗುಣವಾದ ದಿನವೇ ಅದು ನನ್ನ ಕೈಬಿಡುತ್ತಿತ್ತು. ಚಾಪೆಯನ್ನು ಮತ್ತೆ ಇದ್ದಲ್ಲೇ ಇಟ್ಟೆ. ಒಂದು ಸಾಕಾಗದಿದ್ದರೆ ಎಂದು, ನಿಮ್ಮ ಅಮ್ಮ ಆಸ್ಪತ್ರೆಗೆ ಹೋದ ಮೇಲೆ ಗೇಟಿನ ಹತ್ತಿರ ಇದ್ದದ್ದನ್ನೂ ತಂದು ಅದರ ಮೇಲೆ ಹಾಕಿದೆ. ಬ್ರೇಕಿನ ಹತ್ತಿರ ಹೋಗದಂತೆ ಎಡಕ್ಕೆ ಚೆನ್ನಾಗಿ ಒತ್ತಿದೆ. ತುಂಟತನ ಮಾಡುವಾಗಲೂ ಜನರ ಜೀವದ ಜವಾಬ್ದಾರಿ ಇರಬೇಕು.

ಪಾಟೀಲರು ಬಂದರು. ಮಾಸ್ಕಿನ ಮೇಲೆ ಕಣ್ಣೆರಡು ಮಾತ್ರ ಕಾಣುತ್ತಿದ್ದವು, ನಗುವ ಕಣ್ಣು. ನಾನು ತುಳಸಿ ಕುಂಡದ ಹತ್ತಿರ ನಿಂತು, ಎಲೆ ಇಲ್ಲದ ಕಡ್ಡಿಯಿಂದ ಒಣಗಿದ ಎಲೆ ಕೀಳುತ್ತಿದ್ದೆ. ನಿಮ್ಮ ಅಪ್ಪ ಮಾಡಿದ ಚಿಕಿತ್ಸೆಗಳನ್ನೆಲ್ಲ ವಿವರಿಸಿದರು. ಪಾಟೀಲರು ಕೂತು ಸ್ಟಾರ್ಟ್ ಮಾಡಿದರು, ಗೇರು ಹಾಕಲು ಹೋದರು. ಕಾರು ಕಿರಿಚಿ, ಜಿಗಿದು, ನಿಂತಿತು. ಅವರು ಹುಬ್ಬು ಗಂಟು ಹಾಕಿ ಕಾಲಿನ ಕಡೆ ಬಗ್ಗಿದರು. ಬಗ್ಗಿದವರು ಬೇಗ ಏಳಲಿಲ್ಲ. ನನ್ನ ಕೈಯಲ್ಲಿದ್ದ ಕಡ್ಡಿಯೇ ಮುರಿಯಿತು.

ಎದ್ದವರು ಸುತ್ತ ನೋಡಿದರು. ದಿಂಬು, ಕನ್ನಡಕ, ಹುರಿಗಡಲೆ ಡಬ್ಬಿ. "ಇಲ್ಲಿ ಯಾರು ಕೂಡ್ತಾರ್ರೀ ಸರ್?" ಎಂದು ಕೇಳಿದರು.

ನಿಮ್ಮ ಅಪ್ಪ ಬಾಯಿ ತೆರೆಯುವ ಮೊದಲೇ ಬಾಗಿಲಲ್ಲಿದ್ದ ನಿಶಾಂತ ಹೇಳಿಬಿಟ್ಟ. "ದಟ್ಸ್ ಅಜ್ಜೀಸ್ ರೂಮ್."

ಪಾಟೀಲರು ತುಳಸಿ ಕುಂಡದ ಕಡೆ ನೋಡಿದರು. ನಾನು ಆಕಾಶ ನೋಡಿದೆ. ಅವರು ಮತ್ತೆ ಸ್ಟಾರ್ಟ್ ಮಾಡಿದರು, ಈ ಸಲ ಕ್ಲಚ್ಚು ಒತ್ತಿದಂತೆಯೂ ಕಾಣಲಿಲ್ಲ. ಕಾರು ಒಂದು ಮಾರು ಹಾರಿ ಸತ್ತಿತು. ಮೂರನೆಯ ಸಲ ಹಾರಿದ್ದು ನೋಡಿ ಲೆಚುಮಿ ಅಕ್ಕ ಗೋಡೆಯಾಚೆ ಅಯ್ಯೋ ಎಂದರು. ಪಾಟೀಲರು ಇಳಿದು, ಕೈ ಒರೆಸಿಕೊಂಡು ನಿಮ್ಮ ಅಪ್ಪನಿಗೆ ಕೀಲಿ ಕೊಟ್ಟರು.

"ಇದು ನನಗ ಒಲಿಯಾಂಗಿಲ್ಲ ಬಿಡ್ರಿ ಸರ್. ಗಾಡಿಗೂ ಮನಸ ಇರತೈತಿ, ಇದಕ್ಕ ಮನಿ ಬಿಟ್ಟು ಬರಾಕ ಮನಸಿಲ್ಲ." ಹೋಗುವಾಗ ನನ್ನ ಹತ್ತಿರ ನಿಂತು, ದನಿ ತಗ್ಗಿಸಿ, "ಅಮ್ಮಾರ, ಎರಡು ಯಾಕ ಬೇಕಿತ್ರೀ, ಒಂದ ಸಾಕಿತ್ತು" ಎಂದರು.

ಮರುದಿನ ಅವರಿಗೆ ಒಂದು ಡಬ್ಬಿ ಪತ್ರೊಡೆ ಕಳಿಸಿದೆ. ಪಾಪ, ಹೊಸಬರು, ಒಬ್ಬರೇ ಇದ್ದಾರೆ ಎಂದು ಅತ್ತೆ ಕಳಿಸಿದ್ದು ಎಂದು ನಿಮ್ಮ ಅಪ್ಪ ಎಲ್ಲರಿಗೂ ಹೇಳಿಕೊಂಡು ಬಂದರು.

ಪಾಟೀಲರು ಬಂದುಹೋದ ದಿನ ಸಂಜೆ ನಿಮ್ಮ ಅಮ್ಮ ಡ್ಯೂಟಿಯಿಂದ ಬಂದಾಗ ಅಪ್ಪ ಕಿಟಕಿಯಿಂದಲೇ ಸುದ್ದಿ ಹೇಳಿದರು. ಅವಳು ಪೋರ್ಚಿನ ಕಂಬಕ್ಕೆ ಒರಗಿ ನಿಂತಳು. ಮುಖದ ಮೇಲೆ ಮಾಸ್ಕಿನ ಅಂಚು ಬರೆ ಎಳೆದ ಹಾಗೆ ಕೆಂಪಗೆ ಕೂತಿತ್ತು. ಜಗಳ ಮಾಡಲಿಲ್ಲ. "ಹಾಗಾದ್ರೆ ನಾನು ಇನ್ನೂ ಕಾರಿನ ಮರೆಯಲ್ಲೇ ಬಟ್ಟೆ ಬದ್ಲಿಸುದಾ?" ಎಂದಳು, ಅಷ್ಟೇ. ನಮ್ಮನ್ನಲ್ಲ, ನೆಲವನ್ನು ಕೇಳಿದ ಹಾಗೆ.

ಆಗ ನನಗೆ ಕಾರು, ಕೋಣೆ, ಸುಮತಿ ಎಲ್ಲ ಮರೆತುಹೋಯಿತು. ಮನೆಯ ಹಿಂಬದಿಯ ನನ್ನ ಎರಡನೇ ಅಡುಗೆಮನೆ ಬಿಟ್ಟುಕೊಡುತ್ತೇನೆ ಎಂದೆ. ಅಲ್ಲಿ ನಲ್ಲಿ ಇದೆ, ಹಿತ್ತಿಲ ಬಾಗಿಲಿದೆ, ಬಿಸಿನೀರು ಕಾಯಿಸಿ ಇಡುತ್ತೇನೆ, ಕಡೆಯುವ ಕಲ್ಲು, ಉಪ್ಪಿನಕಾಯಿ ಭರಣಿ ಎಲ್ಲ ಒಳಗೆ ತರುತ್ತೇನೆ, ನೀನು ಬಯಲಲ್ಲಿ ನಿಲ್ಲುವುದು ಬೇಡ ಎಂದೆ. ಒಂದೇ ಉಸಿರಿನಲ್ಲಿ, ಬೀದಿಗೆ ಕೇಳುವಷ್ಟು ಗಟ್ಟಿಯಾಗಿ. ನಿಮ್ಮ ಅಪ್ಪ ಕ್ಲಾಸಿನ ಮೈಕು ಮುಚ್ಚಿದರು. ಆ ಹಿಂದಿನ ಅಡುಗೆಮನೆಗೆ ಅಷ್ಟು ವರ್ಷ ನಾನು ಯಾರನ್ನೂ ಬಿಟ್ಟವಳಲ್ಲ. ಅವತ್ತೇ ಖಾಲಿ ಮಾಡಿದೆ.

ಎರಡು ದಿನ ಕಳೆದು, ಮಸೀದಿಯಲ್ಲಿ ಸಂಜೆಯ ಬಾಂಗ್ ಆಗುವ ಹೊತ್ತಿಗೆ ನಾನು ಕಾರಿನಲ್ಲಿ ಕೂತಿದ್ದೆ. ಯಾರೋ ಗಾಜು ಬಡಿದರು. ನಿಮ್ಮ ಅಮ್ಮ, ಹಿಂದಿನ ಅಡುಗೆಮನೆಯಲ್ಲಿ ಸ್ನಾನ ಮುಗಿಸಿ ಬಂದವಳು, ಒದ್ದೆ ಕೂದಲು, ಹೊಸ ಮಾಸ್ಕು. ಎಲ್ಲ ಗಾಜು ಇಳಿಸಲು ಹೇಳಿ, ಹಿಂದಿನ ಸೀಟಿನ ಆಚೆ ಮೂಲೆಯಲ್ಲಿ ಕೂತು ಕಣ್ಣು ಮುಚ್ಚಿದಳು. ನಾನು ಹಿಂದೆ ತಿರುಗಿ ನೋಡಲಿಲ್ಲ, ಕನ್ನಡಿಯಲ್ಲಿ ಮಾತ್ರ ನೋಡಿದೆ.

"ಗೇಟಿನ ಚಾಪೆ ಕಾಣುದಿಲ್ಲ" ಎಂದಳು.

"ಹೌದಾ" ಎಂದೆ.

"ಮಾರುದು ಬೇಡ ಅಂತ ಹೇಳ್ಬಹುದಿತ್ತಲ್ಲ ಅಮ್ಮ."

"ನೀವು ಯಾರೂ ಕೇಳ್ಲಿಲ್ಲ."

ಅವಳು ಒದ್ದೆ ಕೂದಲು ಹಿಂದಕ್ಕೆ ಸರಿಸಿ, "ಇಲ್ಲಿ ಕೂತು ದಿನಾ ಯಾರ ಹತ್ರ ಅಷ್ಟು ನಗುದು ನೀನು?" ಎಂದಳು. ಸುಮತಿಯ ಹತ್ತಿರ ಎಂದೆ.

"ಎಂತ ಮಾತಾಡ್ತೀರಿ?"

ಸುಳ್ಳು ಹೇಳುವ ಶಕ್ತಿ ಆ ವಾರಕ್ಕೆ ನನ್ನಲ್ಲಿ ಮುಗಿದಿತ್ತು. "ನಿನ್ನ ಮೇಲೆ ಚಾಡಿ" ಎಂದೆ.

ಕನ್ನಡಿಯಲ್ಲಿ ಅವಳ ಕಣ್ಣು ತೆರೆಯಿತು. ಎಷ್ಟೋ ದಿನದ ಮೇಲೆ ಅದರಲ್ಲಿ ಒಂದು ಕಿಡಿ ಕಂಡೆ. "ಹಾಗಾದ್ರೆ ಚಿಕ್ಕಿಗೆ ಫೋನ್ ಹಚ್ಚು. ಸ್ಪೀಕರಿಗೆ ಹಾಕು. ನಿನ್ನ ಮೇಲೆ ನನ್ನದೂ ಕೆಲವು ಉಂಟು."

ಹಚ್ಚಿದೆ. ಸೆಕೆಗೆ ಏಸಿಯನ್ನೂ ಹಾಕಿದೆ. ನಾಲ್ಕೂ ಕಿಟಕಿ ತೆರೆದುಕೊಂಡು ಏಸಿ ಹಾಕುವುದು ನಿಮ್ಮ ಅಜ್ಜನ ಪ್ರಕಾರ ಮಹಾಪಾಪ. ಆ ಸಂಜೆ ಟ್ಯಾಂಕಿನ ಮುಳ್ಳು ಕೆಳಗೆ ಮಲಗುವವರೆಗೂ ತಾಯಿ ಮಗಳು ಕೂತು ಆ ಪಾಪವನ್ನು ಮನಸಾರೆ ಮಾಡಿದೆವು.